ಅಂಬಿಕಾ ಹೇಳಿದ ತಪ್ಪಿಲ್ಲದ ಉತ್ತರ

2022ರಲ್ಲಿ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದೆ. ಬನಿಯನ್ ಕಂಪನಿ ಎಂದ ಕೂಡಲೇ ಅಲ್ಲಿ ಬರೀ ಬನಿಯನ್ ಹೊಲಿಯುತ್ತಾರೆ ಎಂದುಕೊಳ್ಳಬೇಡಿ. ನಿಟ್ಟಿಂಗ್ ಬಟ್ಟೆಯಲ್ಲಿ ಏನೇ ಹೊಲಿದರೂ ಆ ಊರಿನವರ ಬಾಯಲ್ಲಿ ಅದು ಬನಿಯನ್ ಕಂಪನಿಯೇ. ನಾವು ಹೊಲಿಯುತ್ತಿದ್ದುದು ಯುರೋಪಿನ ಮಕ್ಕಳ ಉಡುಪು. ತಿಪಟೂರಿನವನಾದ ನಾನು ಎಂ.ಎಸ್.ಡಬ್ಲ್ಯೂ. ಮುಗಿಸಿ, ಎರಡು ವರ್ಷ ಇದ್ದು ಬರೋಣ ಎಂದು 1996ರಲ್ಲಿ ಅಲ್ಲಿಗೆ ಹೋದವನು, ಇಪ್ಪತ್ತೆಂಟು ವರ್ಷ ಅಲ್ಲೇ ಉಳಿದೆ. ಆರುನೂರ ನಲವತ್ತು ಜನರ ಹಾಜರಿ, ನೇಮಕಾತಿ, ರಜೆ ಎಲ್ಲ ನನ್ನ ಕೈಯಲ್ಲಿತ್ತು. ನನ್ನ ರಿಜಿಸ್ಟರುಗಳಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬ ಹೇಗೆ ಇಳಿಯಿತು ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಡಿಟ್ ಎಂದರೇನು ಎಂದು ಹೇಳಬೇಕು. ಇದು ಲೆಕ್ಕಪತ್ರದ ಆಡಿಟ್ ಅಲ್ಲ. ನಮ್ಮಿಂದ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳು, ಕಾರ್ಮಿಕರನ್ನು ನಾವು ಸರಿಯಾಗಿ ನಡೆಸಿಕೊಳ್ಳುತ್ತಿದ್ದೇವೆಯೇ ಎಂದು ನೋಡಲು ವರ್ಷಕ್ಕೆ ಮೂರು ನಾಲ್ಕು ಸಲ ತಮ್ಮ ಕಡೆಯವರನ್ನು ಕಳಿಸುತ್ತವೆ. ಅವರು ರಿಜಿಸ್ಟರು ನೋಡುತ್ತಾರೆ, ಆಮೇಲೆ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸುತ್ತಾರೆ. ರಿಜಿಸ್ಟರಿನಲ್ಲಿರುವುದೂ ಕಾರ್ಮಿಕರು ಹೇಳುವುದೂ ತಾಳೆಯಾದರೆ ಪಾಸು. ಆಗದಿದ್ದರೆ ಆರ್ಡರು ಬೇರೆ ಕಂಪನಿಗೆ ಹೋಗುತ್ತದೆ.

ಆದ್ದರಿಂದ ತಾಳೆ ಮಾಡಿಸುವುದೇ ನನ್ನ ಮುಖ್ಯ ಉದ್ಯೋಗವಾಗಿತ್ತು ಎಂದರೆ ಸುಳ್ಳಲ್ಲ. ಆಡಿಟ್‌ಗೆ ಎರಡು ದಿನ ಮುಂಚೆ ಎಲ್ಲರನ್ನೂ ಊಟದ ಹಾಲ್‌ನಲ್ಲಿ ಕೂರಿಸಿ ಪಾಠ ಹೇಳುತ್ತಿದ್ದೆ. ನಿಮ್ಮ ಕೆಲಸ ಏನು ಎಂದರೆ ರಿಜಿಸ್ಟರಿನಲ್ಲಿರುವ ಹುದ್ದೆಯನ್ನೇ ಹೇಳಬೇಕು. ಎಷ್ಟು ಗಂಟೆ ಕೆಲಸ ಎಂದರೆ ಎಂಟು. ಭಾನುವಾರ ರಜೆ. ಯಂತ್ರ, ಕತ್ತರಿ ಯಾರು ಮುಟ್ಟುತ್ತಾರೆ ಎಂದರೆ ಆ ಹುದ್ದೆಯವರು ಮಾತ್ರ. ಆಡಿಟ್ ದಿನ ಮಾತ್ರ ಕಟಿಂಗ್ ವಿಭಾಗದವರಿಗೆ ಉಕ್ಕಿನ ಬಲೆಯ ಕೈಗವಸುಗಳನ್ನು ಬೆಳಿಗ್ಗೆ ಹಂಚಿ ಸಂಜೆ ಎಣಿಸಿ ವಾಪಸು ತೆಗೆದುಕೊಳ್ಳುತ್ತಿದ್ದೆವು, ಮದುವೆ ಮನೆಯ ಬಾಡಿಗೆ ಪಾತ್ರೆಗಳ ಹಾಗೆ. ಆಡಿಟರ್ ಗೇಟಿಗೆ ಬಂದ ಕೂಡಲೇ ರಿಸೆಪ್ಷನ್‌ನ ಹುಡುಗಿ ಮೈಕಿನಲ್ಲಿ ‘ವಿರುಂದಾಳಿ ಬಂದಿದ್ದಾರೆ’ ಎನ್ನುತ್ತಿದ್ದಳು. ವಿರುಂದಾಳಿ ಎಂದರೆ ತಮಿಳಿನಲ್ಲಿ ಅತಿಥಿ. ಆ ಮಾತು ಕಿವಿಗೆ ಬಿದ್ದರೆ ಆರುನೂರ ನಲವತ್ತು ಜನರೂ ನಾನು ಕಲಿಸಿದ ಪಾಠಕ್ಕೆ ಸಿದ್ಧರಾಗುತ್ತಿದ್ದರು. ಕೋವಿಡ್ ಕಾಲದಲ್ಲಿ ಆಡಿಟರುಗಳು ಬರುವುದು ನಿಂತು ಫೋನಿನಲ್ಲೇ ಕಾರ್ಮಿಕರನ್ನು ಮಾತನಾಡಿಸತೊಡಗಿದಾಗ, ಫೋನಿನಲ್ಲಿ ಕೇಳಿದರೂ ಇದೇ ಉತ್ತರ ಎಂಬ ಹೊಸ ಸಾಲನ್ನು ಪಾಠಕ್ಕೆ ಸೇರಿಸಿದವನೂ ನಾನೇ.

ಈ ಪಾಠದಲ್ಲಿ ನನ್ನ ಅತ್ಯುತ್ತಮ ವಿದ್ಯಾರ್ಥಿನಿ ಅಂಬಿಕಾ. ರಿಜಿಸ್ಟರಿನಲ್ಲಿ ಸೌಡಾಂಬಿಕಾ, ಟೋಕನ್ ನಂಬರ್ 412. ಹತ್ತಿರದ ಕರುಮತ್ತಂಪಟ್ಟಿ ಎಂಬ ಊರಿನ ನೇಕಾರರ ಮನೆಯ ಹೆಣ್ಣುಮಗಳು. ಎಷ್ಟೋ ತಲೆಮಾರಿನಿಂದ ಅಲ್ಲಿ ನೆಲೆನಿಂತ ಕನ್ನಡದವರು ಅವರು. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವಳಿಗೆ ಬಾರದು. ನಾನು ಹಾಲ್‌ನಲ್ಲಿ ತಮಿಳಿನಲ್ಲಿ ಪಾಠ ಹೇಳಿ ಮುಗಿಸಿದ ಮೇಲೆ ಹತ್ತಿರ ಬಂದು, ‘ಸರೀಂಗ ಸಾರ್, ಒಂದ್ಸಲ ನನ್ನ ಕೇಳಿ ಪಾರುಂಗ’ ಎಂದು, ಅಂದರೆ ಒಂದು ಸಲ ತನ್ನನ್ನು ಕೇಳಿ ನೋಡಿ ಎಂದು, ಕನ್ನಡ ತಮಿಳು ಕಲಸಿ ಹೇಳುವಳು. ಕೇಳಿದರೆ ಒಂದಕ್ಷರ ತಪ್ಪುತ್ತಿರಲಿಲ್ಲ.

ಅಂಬಿಕಾ 2008ರಲ್ಲಿ ಹೆಲ್ಪರ್ ಆಗಿ ಸೇರಿದಳು. ಹೊಲಿದ ಬಟ್ಟೆಗಳನ್ನು ಎಣಿಸಿ ಜೋಡಿಸುವ ಕೆಲಸ. ಎರಡು ವರ್ಷಕ್ಕೆಲ್ಲ ಸ್ಯಾಂಪಲ್ ವಿಭಾಗದ ಸೆಲ್ವರಾಜ್ ಮಾಸ್ಟರ್ ಅವಳನ್ನು ತಮ್ಮ ಮೇಜಿಗೆ ಎಳೆದುಕೊಂಡರು. ಅಲ್ಲಿ ಅವಳು ಕಲಿತದ್ದು ಪ್ಯಾಟರ್ನ್ ಮಾಡುವುದನ್ನು. ವಿದೇಶದಿಂದ ಒಂದು ಫ್ರಾಕಿನ ಚಿತ್ರ ಬರುತ್ತದೆ. ಅದನ್ನು ನೋಡಿ ಕುತ್ತಿಗೆ ಎಷ್ಟು, ತೋಳು ಎಷ್ಟು, ಬಟ್ಟೆ ಎಷ್ಟು ಹಿಗ್ಗುತ್ತದೆ ಎಂದು ಅಂದಾಜು ಮಾಡಿ ಕಂದು ಕಾಗದದಲ್ಲಿ ಅಚ್ಚುಗಳನ್ನು ಕತ್ತರಿಸಬೇಕು. ಆ ಕಾಗದ ಸರಿಯಿದ್ದರೆ ನಲವತ್ತು ಸಾವಿರ ಫ್ರಾಕು ಸರಿ. ಸೆಲ್ವರಾಜ್ ಮಾಸ್ಟರರ ಕಣ್ಣು ಮಂಜಾಗುತ್ತ ಬಂದಂತೆ ಕೆಲಸವೆಲ್ಲ ಅಂಬಿಕಾಳ ಕೈಗೆ ಬಂತು. 2010ರಿಂದ ಹನ್ನೆರಡು ವರ್ಷ ನಮ್ಮ ಕಂಪನಿಯಿಂದ ಹೋದ ಪ್ಯಾಟರ್ನುಗಳಲ್ಲಿ ಬಹುಪಾಲು ಅವಳವು. ಪ್ರತಿ ಕಾಗದದ ಮೂಲೆಯಲ್ಲಿ ಬರೆಯುತ್ತಿದ್ದ ಹೆಸರು ಮಾತ್ರ ಸೆಲ್ವರಾಜ್. ಡಿಪ್ಲೊಮಾ ಇದ್ದದ್ದು ಅವರಿಗೆ. ಕೊಳ್ಳುವವರು ಕೇಳುತ್ತಿದ್ದುದು ಡಿಪ್ಲೊಮಾ. ಅಂಬಿಕಾ ನನ್ನ ರಿಜಿಸ್ಟರಿನಲ್ಲಿ ಹೆಲ್ಪರ್ ಆಗಿಯೇ ಉಳಿದಳು. ಬದಲಿಸಬೇಕೆಂದು ಅವಳು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಮಾಡುತ್ತಿದ್ದೆನೋ ಇಲ್ಲವೋ.

ಅವಳ ಗಂಡ ಕುಮರೇಶ ನಿಟ್ಟಿಂಗ್ ಯಂತ್ರದ ಫಿಟ್ಟರ್. ಮದುವೆಯಾದ ಮೂರನೇ ವರ್ಷ, 2019ರಲ್ಲಿ, ಯುರೋಪಿನ ಒಂದು ದೇಶದ ಉಡುಪಿನ ಕಾರ್ಖಾನೆಗೆ ಕೆಲಸಕ್ಕೆ ಹೋದ. ಅವನಿಗೆ ಸಿಕ್ಕ ಪರ್ಮಿಟ್‌ನಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಅವಕಾಶವಿರಲಿಲ್ಲ. ಐದು ವರ್ಷ ಬಿಡದೆ ದುಡಿದರೆ ಅಲ್ಲಿ ಕಾಯಂ ಇರಲು ಅರ್ಜಿ ಹಾಕಬಹುದು, ಅದು ಸಿಕ್ಕಿ ಹೆಂಡತಿಯನ್ನು ಕರೆಸಲು ಮತ್ತೆ ಎರಡು ವರ್ಷ. ನಡುವೆ ಬಿಟ್ಟುಬಂದರೆ ಮತ್ತೆ ಮೊದಲಿನಿಂದ. ಒಂದು ದಿನ ಅವನು ಅಲ್ಲಿನ ಅಂಗಡಿಯೊಂದರಲ್ಲಿ ನೇತುಹಾಕಿದ್ದ ಮಗುವಿನ ಫ್ರಾಕು ನೋಡಿ, ಕುತ್ತಿಗೆಯ ಇಳಿಜಾರಿನಿಂದಲೇ ಹೆಂಡತಿಯ ಕೈ ಎಂದು ಗುರುತಿಸಿದನಂತೆ. ಫೋಟೋ ಕಳಿಸಿ ಕೇಳಿದ್ದಾನೆ. ಹೌದು, ಅದು ಅವಳದ್ದೇ. ಆ ಫ್ರಾಕನ್ನು ಕೊಂಡು ತನ್ನ ಮಾಲೀಕನ ಮೇಜಿನ ಮೇಲಿಟ್ಟ. ಅಲ್ಲಿ ಪ್ಯಾಟರ್ನ್ ಮಾಡುತ್ತಿದ್ದ ಹೆಂಗಸು ನಿವೃತ್ತಳಾಗುವವಳಿದ್ದಳು. ಮಾಲೀಕ ಅವಳಿಗೆ ಒಂದು ಫ್ರಾಕಿನ ಚಿತ್ರ ಕಳಿಸಿ, ಮಾಡಿ ತೋರಿಸಲಿ ಎಂದ. ಅಂಬಿಕಾ ಒಂದು ಭಾನುವಾರ ಕೂತು ಅಚ್ಚು ಕತ್ತರಿಸಿ, ಹೊಲಿದು, ಕೊರಿಯರ್ ಮಾಡಿದಳು. ಮೊದಲ ಸಲಕ್ಕೇ ಅಳತೆ ಸರಿಹೊಂದಿತು. ಮೂರು ವಾರಕ್ಕೆ ಕೆಲಸದ ಪತ್ರ ಬಂತು.

ಆ ಪತ್ರ ಹಿಡಿದು ಅವಳು ನನ್ನ ಕ್ಯಾಬಿನ್‌ಗೆ ಬಂದದ್ದು 2022ರ ಜೂನ್‌ನಲ್ಲಿ.

‘ಪೇಪರ್ ವೇಲೆ ಎಲ್ಲ ನೀವೇ ನೋಡ್ಕುಡ್ಬೇಕು ಸಾರ್,’ ಎಂದಳು. ‘ನಂಗೆ ಮೂವತ್ತೇಳು ಆಯ್ತು. ಇನ್ನ ನಾಕೈದು ವರ್ಷ ಕಳ್ದು ಓದ್ರೆ ಏನು ಪಯನ್ ಸಾರ್. ಮನೇಲಿ ಒಂದು ಕೊಳಂದೆ ಬೇಕಲ್ವಾ.’

ವೇಲೆ ಎಂದರೆ ಕೆಲಸ, ಪಯನ್ ಎಂದರೆ ಪ್ರಯೋಜನ, ಕೊಳಂದೆ ಎಂದರೆ ಮಗು. ಹೆಂಗಸರು ಎಚ್.ಆರ್. ಮ್ಯಾನೇಜರನ ಮುಂದೆ ಹೇಳುವ ಮಾತಲ್ಲ ಅದು. ಹೇಳಿಬಿಟ್ಟು ತಲೆ ತಗ್ಗಿಸಿ, ಮೇಜಿನ ಮೇಲಿದ್ದ ನನ್ನ ಸ್ಕೇಲನ್ನು ನೇರ ಮಾಡಿಟ್ಟಳು. ಆಗಲಮ್ಮ, ನಾನಿದ್ದೇನೆ ಎಂದೆ.

ನಾನಿದ್ದೇನೆ ಎಂದದ್ದು ಸುಮ್ಮನೆ ಅಲ್ಲ. ಪಾಸ್‌ಪೋರ್ಟ್, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಎಲ್ಲದಕ್ಕೂ ನಾನೇ ಮುಂದೆ ನಿಂತೆ. ಕುಶಲ ಕೆಲಸಗಾರರ ವೀಸಾ ಆದ್ದರಿಂದ ಕನಿಷ್ಠ ಐದು ವರ್ಷ ಪ್ಯಾಟರ್ನ್ ಕೆಲಸ ಮಾಡಿದ ಪುರಾವೆ ಬೇಕಿತ್ತು. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟನ್ನು ನಾನೇ ಬರೆದೆ. ಹನ್ನೆರಡು ವರ್ಷ ಎಂದು ಬರೆದೆ, ಅದು ನಿಜ. ತೊಡಕು ಇದ್ದದ್ದು ಸಂಬಳದ ಚೀಟಿಗಳಲ್ಲಿ. ಅರ್ಜಿಯ ಜೊತೆ ಅವನ್ನೂ ಇಡಬೇಕು, ಎಲ್ಲದರಲ್ಲೂ ಹೆಲ್ಪರ್ ಎಂದು ಅಚ್ಚಾಗಿತ್ತು. ಚೀಟಿಯಲ್ಲಿರುವುದು ಆಡಳಿತದ ಅನುಕೂಲಕ್ಕಾಗಿ ಇಟ್ಟ ವರ್ಗ, ನಿಜವಾದ ಕೆಲಸ ಪ್ಯಾಟರ್ನ್ ತಯಾರಿಕೆ ಎಂದು ಒಂದು ಸಾಲು ಸೇರಿಸಿದೆ. ಬಹಳ ಜಾಣತನದ ಸಾಲು ಎಂದು ಆಗ ಅನ್ನಿಸಿತ್ತು. ಮುದಲಾಳಿ, ಅಂದರೆ ಕಂಪನಿಯ ಮಾಲೀಕರು, ಓದದೆಯೇ ಸಹಿ ಹಾಕಿದರು. ಆಗಸ್ಟ್‌ನಲ್ಲಿ ಕೊಯಮತ್ತೂರಿನಿಂದ ಅರ್ಜಿ ಹೋಯಿತು.

ಚೀಟಿಗೂ ಪತ್ರಕ್ಕೂ ತಾಳೆಯಾಗದ ಅರ್ಜಿ ಬಂದರೆ ದೂತಾವಾಸದವರು ಏನು ಮಾಡುತ್ತಾರೆ ಎಂದು ಇಪ್ಪತ್ತಾರು ವರ್ಷ ತಾಳೆಯನ್ನೇ ನೋಡಿದ ನಾನು ಯೋಚಿಸಬೇಕಿತ್ತು. ಅವರು ಅರ್ಜಿಯನ್ನು ಒಂದು ಖಾಸಗಿ ತಪಾಸಣಾ ಸಂಸ್ಥೆಗೆ ಕೊಟ್ಟರು. ಆ ಸಂಸ್ಥೆಯಿಂದ ನನಗೆ ಇ-ಮೇಲ್ ಬಂತು, ಉತ್ತರಿಸಿದೆ. ಫೋನ್ ಬಂತು, ಇಪ್ಪತ್ತು ನಿಮಿಷ ಮಾತನಾಡಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಅರ್ಜಿದಾರಳನ್ನೂ ಮಾತನಾಡಿಸಬಹುದು, ಕೆಲಸದ ಜಾಗ ನಿಜವೋ ಅಲ್ಲವೋ ನೋಡಲು ಕಂಪನಿಯ ಫೋನಿಗೇ ಮಾಡಬಹುದು ಎಂಬ ಒಂದು ಮಾತನ್ನು ನಾನು ಅಂಬಿಕಾಳಿಗೆ ಹೇಳಲಿಲ್ಲ.

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಆ ಫೋನ್ ಬಂತು. ನಾನು ಕೊಯಮತ್ತೂರಿನ ಕಾರ್ಮಿಕ ಇಲಾಖೆಯಲ್ಲಿ ಕೂತಿದ್ದೆ. ಚೆನ್ನೈ ತಮಿಳಿನ ಹೆಣ್ಣುದನಿ, ವೆರಿಫಿಕೇಶನ್‌ಗಾಗಿ ಟೋಕನ್ ನಂಬರ್ 412ರ ಸೌಡಾಂಬಿಕಾ ಬೇಕು ಎಂದಿತು. ಫೋನಿನಲ್ಲಿ ಆಡಿಟ್ ಮಾಡುವವರೂ ಹೀಗೆಯೇ, ವೆರಿಫಿಕೇಶನ್ ಎಂದು, ಟೋಕನ್ ನಂಬರ್ ಹಿಡಿದೇ ಕೇಳುತ್ತಿದ್ದರು. ರಿಸೆಪ್ಷನ್‌ನ ಹುಡುಗಿ ನಾನು ಕಲಿಸಿದಂತೆಯೇ ಮಾಡಿದಳು. ಸ್ಯಾಂಪಲ್ ವಿಭಾಗಕ್ಕೆ ಲೈನ್ ಕೊಡುವ ಮುಂಚೆ ಅಂಬಿಕಾಳಿಗೆ, ‘ಅಕ್ಕಾ, ವಿರುಂದಾಳಿ ಫೋನ್‌ನಲ್ಲಿದ್ದಾರೆ’ ಎಂದಳು.

ಅಂಬಿಕಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಫೋನ್ ಹಿಡಿದಳು. ಆ ಸಂಭಾಷಣೆ ತಮಿಳಿನಲ್ಲಿ ನಡೆದದ್ದು. ಅವಳ ಬಾಯಿಂದಲೇ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ನಿಮ್ಮ ಕೆಲಸ ಏನು?’

‘ಹೆಲ್ಪರ್, ಮೇಡಂ.’

‘ಎಷ್ಟು ವರ್ಷದಿಂದ?’

‘ಹದಿನಾಲ್ಕು ವರ್ಷದಿಂದ ಹೆಲ್ಪರ್.’

‘ಪ್ಯಾಟರ್ನ್ ಯಾರು ಮಾಡುತ್ತಾರೆ?’

‘ಸೆಲ್ವರಾಜ್ ಮಾಸ್ಟರ್.’

‘ನೀವು ಪ್ಯಾಟರ್ನ್ ಕತ್ತರಿಸುವುದಿಲ್ಲವೇ?’

‘ಇಲ್ಲ ಮೇಡಂ. ಕತ್ತರಿ ನಾನು ಮುಟ್ಟುವುದೇ ಇಲ್ಲ. ಎಂಟು ಗಂಟೆ ಕೆಲಸ, ಭಾನುವಾರ ರಜೆ.’

ಕೊನೆಯದನ್ನು ಆ ಕಡೆಯವರು ಕೇಳಿರಲೇ ಇಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ.

ಮರುದಿನ ಬೆಳಿಗ್ಗೆ ಹಾಜರಿಯ ಪಂಚ್ ಯಂತ್ರದ ಹತ್ತಿರ ಸಿಕ್ಕಿದಳು. ‘ನೆನ್ನೆ ಫೋನ್ ಆಡಿಟ್ ಬಂತು ಸಾರ್. ನೀವು ಇರ್ಲಿಲ್ಲ. ಒಂದೂ ತಪ್ಪಿಲ್ದೆ ಏಳ್ಬುಟ್ಟೆ,’ ಎಂದಳು. ನನ್ನ ಕೈಯಲ್ಲಿ ಬೇರೆ ಯಾವುದೋ ಫೈಲು ಇತ್ತು. ‘ಒಳ್ಳೇದಮ್ಮ, ನೀನಿದ್ರೆ ನಂಗೆ ಚಿಂತೆ ಇಲ್ಲ’ ಎಂದು ಹೇಳಿ ನಡೆದೆ. ಆ ವಾರ ಯಾವ ಆಡಿಟ್ಟೂ ಇರಲಿಲ್ಲ. ಕ್ಯಾಲೆಂಡರು ನನ್ನ ಗೋಡೆಯ ಮೇಲೇ ನೇತಾಡುತ್ತಿತ್ತು, ನಾನು ತಲೆಯೆತ್ತಿ ನೋಡಲಿಲ್ಲ. ಆಗಲೇ ನೋಡಿದ್ದರೆ, ಆ ದಿನವೇ ಆ ಸಂಸ್ಥೆಗೆ ಫೋನ್ ಮಾಡಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅಕ್ಟೋಬರ್ ಕೊನೆಗೆ ಲಕೋಟೆ ಬಂತು. ಇಂಗ್ಲಿಷಿನಲ್ಲಿದ್ದುದರಿಂದ ಒಡೆಯದೆಯೇ ನನ್ನ ಬಳಿ ತಂದಳು. ಅವತ್ತು ಅವಳು ಮೈಲ್‌ಕಲ್ಲಿನ ಹಾಗೆ ದೂರದಿಂದಲೇ ಕಾಣುವ ಹೊಸ ಹಳದಿ ಸೀರೆ ಉಟ್ಟಿದ್ದಳು, ತಲೆಗೆ ಕನಕಾಂಬರ. ನಾನು ಮೊದಲು ಇಡೀ ಪತ್ರ ಓದಿ ಮುಗಿಸಿದೆ. ಅನುಭವ ಪತ್ರದಲ್ಲಿ ಹೇಳಿರುವ ವಿಷಯ ಸುಳ್ಳು ಎಂದು ಕಂಡುಬಂದಿರುವುದರಿಂದ ವೀಸಾ ನಿರಾಕರಿಸಲಾಗಿದೆ. ತಪ್ಪು ಮಾಹಿತಿ ಕೊಟ್ಟಿದ್ದಕ್ಕಾಗಿ ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಮೇಲ್ಮನವಿಗೆ ಮೂವತ್ತು ದಿನ ಅವಕಾಶವಿದೆ. ಕನ್ನಡದಲ್ಲಿ ಹೇಳಿದೆ. ಮಧ್ಯೆ ಎರಡು ಸಲ ನೀರು ಕುಡಿದೆ.

‘ನಾನು ಪ್ಯಾಟರ್ನ್ ಮಾಡಲ್ಲ ಅಂತ ಯಾರು ಸಾರ್ ಏಳಿದ್ದು?’ ಎಂದು ಕೇಳಿದಳು. ಸಿಟ್ಟು ಬಂದಿತ್ತು. ಯಾರೋ ಹೊಟ್ಟೆಕಿಚ್ಚಿನವರ ಕೆಲಸ ಎಂದು ಅವಳು ಭಾವಿಸಿದ್ದಳು. ಮನಸ್ಸಿನಲ್ಲಿ ಒಂದಿಬ್ಬರ ಹೆಸರೂ ಓಡಿರಬೇಕು.

ಪತ್ರದಲ್ಲಿ ತಾರೀಕು ಇತ್ತು, ವೇಳೆಯೂ ಇತ್ತು. ಅರ್ಜಿದಾರರು ಸ್ವತಃ ದೂರವಾಣಿಯಲ್ಲಿ ನೀಡಿದ ಹೇಳಿಕೆ ಎಂದು ಬರೆದಿತ್ತು. ನಾನು ತಾರೀಕನ್ನು ಮಾತ್ರ ಓದಿ ಹೇಳಿದೆ. ಉಳಿದದ್ದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು. ಕತ್ತರಿಯ ಹಿಡಿ ತಾಗಿ ಹೆಬ್ಬೆರಳಿನ ಬುಡ ಜಡ್ಡುಗಟ್ಟಿತ್ತು.

‘ಆ ವಿರುಂದಾಳಿ,’ ಎಂದಳು. ಮತ್ತೆ, ಬಹಳ ನಿಧಾನವಾಗಿ, ‘ನೀವು ಏಳ್ಕೊಟ್ಟದ್ದೇ ಏಳ್ದೆ ಸಾರ್.’

ಅದರಲ್ಲಿ ದೂರು ಇರಲಿಲ್ಲ. ಪರೀಕ್ಷೆಯಲ್ಲಿ ಸರಿಯಾಗಿ ಬರೆದೂ ಫೇಲಾದ ಮಕ್ಕಳು ಮೇಷ್ಟರ ಮುಖ ನೋಡುವ ಹಾಗೆ ನನ್ನನ್ನು ನೋಡಿದಳು. ನನ್ನ ವೃತ್ತಿಜೀವನದಲ್ಲಿ ನನ್ನನ್ನು ಬೈದವರುಂಟು, ಗೇಟಿನ ಹತ್ತಿರ ಅಡ್ಡಗಟ್ಟಿದವರುಂಟು. ಯಾರೂ ನನ್ನನ್ನು ಹಾಗೆ ಒಡೆದು ಹಾಕಿರಲಿಲ್ಲ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಮೂವತ್ತು ದಿನ ಇತ್ತು. ವಕೀಲರೊಬ್ಬರು ದಾರಿ ಹೇಳಿದರು. ಹೆಲ್ಪರ್ ಎಂಬುದು ಸುಳ್ಳು ನಮೂದು, ಹೊರಗಿನವರು ಕೇಳಿದರೆ ಹಾಗೆ ಹೇಳಬೇಕೆಂದು ಕಂಪನಿಯೇ ಕಲಿಸಿತ್ತು ಎಂದು ನಾನು ಅಫಿಡವಿಟ್ ಬರೆದುಕೊಡಬೇಕು. ಜೊತೆಗೆ ಪ್ಯಾಟರ್ನುಗಳು, ಮಾಸ್ಟರರ ಹೇಳಿಕೆ. ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಎಂದರು. ನಾಲ್ಕು ಪುಟದ ಕರಡು ಸಿದ್ಧವಾಯಿತು. ಸೆಲ್ವರಾಜ್ ಮಾಸ್ಟರ್ ಮರುಮಾತಿಲ್ಲದೆ ತಮ್ಮ ಹೇಳಿಕೆಗೆ ಸಹಿ ಹಾಕಿದರು. ‘ನನ್ ಕಣ್ಣು ಅವಳೇ’ ಎಂದು ತಮಿಳಿನಲ್ಲಿ ಅಷ್ಟೇ ಅಂದರು.

ನಾನು ಕರಡನ್ನು ಮುದಲಾಳಿಗೆ ತೋರಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. ಇಡೀ ಓದಿ, ಕನ್ನಡಕ ತೆಗೆದಿಟ್ಟು, ‘ಇದು ಹೊರಗೆ ಹೋದರೆ ಬಯ್ಯರ್ ಒಬ್ಬರೂ ಉಳಿಯುವುದಿಲ್ಲ. ಆರುನೂರ ನಲವತ್ತು ಮನೆ ಸಾರ್. ಮತ್ತೆ ರಿಜಿಸ್ಟರ್ ಬರೆದದ್ದು ನೀವು’ ಎಂದರು. ಬೆದರಿಕೆಯಲ್ಲ, ಇದ್ದದ್ದನ್ನೇ ಹೇಳಿದರು.

ಕರಡು ನನ್ನ ಡ್ರಾಯರಿಗೆ ಹೋಯಿತು. ಆರುನೂರ ನಲವತ್ತು ಮನೆಗಳ ಚಿಂತೆಯಿಂದ ಎಂದು ನನಗೆ ನಾನೇ ಹೇಳಿಕೊಂಡೆ. ನಿವೃತ್ತಿಗೆ ಇದ್ದ ಹದಿನೇಳು ತಿಂಗಳ ಚಿಂತೆ, ಸುಳ್ಳು ಬರೆದವನು ಎಂಬ ಹೆಸರಿನ ಚಿಂತೆ ಅದರಲ್ಲಿ ಎಷ್ಟಿತ್ತು ಎಂದು ಈಗ ಚೆನ್ನಾಗಿ ಗೊತ್ತು. ಅಂಬಿಕಾ ಒಂದೇ ಸಲ ಕೇಳಿದಳು. ‘ಆ ಪೇಪರ್ ಕಳ್ಸಿದ್ರಾ ಸಾರ್?’ ‘ನೋಡೋಣಮ್ಮ’ ಎಂದೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಸಲ ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ. ಅದರ ಅರ್ಥ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ‘ಸರೀಂಗ ಸಾರ್’ ಎಂದು ಹೋದಳು. ಮೂವತ್ತನೇ ದಿನ ಒಂದು ಬುಧವಾರ. ನಾನು ಎಂದಿನಂತೆ ಸಂಜೆ ಆರಕ್ಕೆ ಪಂಚ್ ಮಾಡಿ ಮನೆಗೆ ಹೋದೆ.

ಕುಮರೇಶ ಮರುವರ್ಷ ಮೂರು ವಾರದ ರಜೆಯಲ್ಲಿ ಬಂದು ಹೋದ. ಅಂಬಿಕಾ ಒಂದು ದಿನವೂ ರಜೆ ಜಾಸ್ತಿ ಕೇಳಲಿಲ್ಲ. ಆ ನಿಷೇಧ ಮುಗಿಯುವಾಗ ಅವಳಿಗೆ ನಲವತ್ತೆರಡು. ಅಲ್ಲಿನ ಕೆಲಸಕ್ಕೆ ಬೇರೆ ದೇಶದ ಹೆಂಗಸೊಬ್ಬಳು ಬಂದಳೆಂದು ಕುಮರೇಶ ಹೇಳಿದ.

ನನ್ನಿಂದಾದ ಒಂದೇ ಕೆಲಸ, 2022ರ ಡಿಸೆಂಬರ್‌ನಿಂದ ಅವಳ ಹುದ್ದೆಯನ್ನು ಪ್ಯಾಟರ್ನ್ ಮಾಸ್ಟರ್ ಎಂದು ಬದಲಿಸಿದ್ದು. ಹಿಂದಿನ ವರ್ಷಗಳ ಪುಟಗಳನ್ನು ತಿದ್ದುವ ಹಾಗಿರಲಿಲ್ಲ. ಹೊಸ ಗುರುತಿನ ಚೀಟಿಯನ್ನು ನಾನೇ ಹೋಗಿ ಕೊಟ್ಟೆ. ಹುದ್ದೆಯ ಸಾಲಿನ ಮೇಲೆ ಬೆರಳಾಡಿಸಿ ಕುತ್ತಿಗೆಗೆ ಹಾಕಿಕೊಂಡಳು.

ನಾನು ಈಗ ನಿವೃತ್ತನಾಗಿ ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನಲ್ಲಿ ಇದ್ದೇನೆ. ಎಚ್.ಆರ್. ಓದುವ ಮಕ್ಕಳು ಆಗೀಗ ಬಂದು, ಈ ಕೆಲಸ ನಿಮಗೆ ಏನು ಕಲಿಸಿತು ಸಾರ್ ಎಂದು ಕೇಳುತ್ತಾರೆ. ಒಬ್ಬರ ಕೈಯ ಕೆಲಸಕ್ಕೆ ಅವರ ಹೆಸರು ಬರೆಯಿರಿ, ಬರೆಯಬೇಕಾದ ದಿನವೇ ಬರೆಯಿರಿ ಎನ್ನುತ್ತೇನೆ. ನಾವು ಬರೆದ ಸುಳ್ಳು ನಮ್ಮ ಕಪಾಟಿನಲ್ಲೇ ಇರುತ್ತದೆ ಎಂದುಕೊಂಡಿರುತ್ತೇವೆ. ಅದು ಇನ್ನೊಬ್ಬರ ಬಾಯಿಗೆ ಹೋಗಿ ಕೂತಿರುತ್ತದೆ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ನನ್ನ ಕೊನೆಯ ಆಡಿಟ್‌ನ ಸಂಗತಿಯನ್ನು ಅವರಿಗೆ ಹೇಳುವುದಿಲ್ಲ, ಇಲ್ಲಿ ಹೇಳುತ್ತೇನೆ.

ಅದು 2023ರ ಡಿಸೆಂಬರ್. ಆ ಸಲ ನಾನು ಹಾಲ್‌ನಲ್ಲಿ ಪಾಠ ಮಾಡಿರಲಿಲ್ಲ. ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಸ್ಯಾಂಪಲ್ ವಿಭಾಗದಲ್ಲಿ ಆಡಿಟರ್, ಒಬ್ಬ ಚುರುಕಾದ ಹೆಣ್ಣುಮಗಳು, ಅಂಬಿಕಾಳ ಮೇಜಿನ ಮುಂದೆ ನಿಂತಳು. ನಾನು ರಿಜಿಸ್ಟರು ಹಿಡಿದು ನಾಲ್ಕು ಹೆಜ್ಜೆ ಹಿಂದಿದ್ದೆ. ಅಂಬಿಕಾ ಒಂದು ತೋಳಿನ ಅಚ್ಚು ಕತ್ತರಿಸುತ್ತಿದ್ದಳು. ಕಾಗದದ ಮೇಲೆ ಗೆರೆ ಹಾಕಿಕೊಳ್ಳದೆ, ಒಂದೇ ಓಟಕ್ಕೆ.

‘ನಿಮ್ಮ ಕೆಲಸ?’

‘ಪ್ಯಾಟರ್ನ್ ಮಾಸ್ಟರ್, ಮೇಡಂ.’

ಆ ಕತ್ತರಿಯ ಓಟ ನೋಡಿ ಆಡಿಟರ್ ನಕ್ಕಳು. ‘ಇದರಲ್ಲಿ ಎಷ್ಟು ವರ್ಷದ ಅನುಭವ?’

ಅಂಬಿಕಾ ಕತ್ತರಿ ಕೆಳಗಿಟ್ಟಳು. ಅವಳು ನನ್ನ ಕಡೆ ತಿರುಗಲಿಲ್ಲ. ನೋವಿನಿಂದ ಹೇಳಿದಳೋ, ಬರೀ ಅಭ್ಯಾಸದಿಂದ ಹೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ.

‘ಒಂದು ವರ್ಷ, ಮೇಡಂ,’ ಎಂದಳು. ‘ಅದಕ್ಕೆ ಮುಂಚೆ ಹೆಲ್ಪರ್.’

ಆಡಿಟರ್ ನನ್ನ ಕೈಯಿಂದ ರಿಜಿಸ್ಟರು ತೆಗೆದುಕೊಂಡು, ಪುಟ ತಿರುಗಿಸಿ, 412ರ ಮುಂದೆ ಬೆರಳಿಟ್ಟು ನೋಡಿದಳು. ಎಲ್ಲ ಸರಿಯಾಗಿದೆ ಎಂದು ಹೇಳಿ ಗುರುತು ಹಾಕಿದಳು.